ಆಗುಂಬೆ ಸೂರ್ಯಾಸ್ತಕ್ಕೆ ಅತ್ತೆಯವರನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಎಷ್ಟು ಹೊತ್ತಿಗೆ ಹೋಗಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು?

ಮಲ್ಲಿಗೆಮೊಗ್ಗು · ಡಿಸೆಂಬರ್ 5, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಈ ತಿಂಗಳ ಮೂರನೇ ವಾರ ದಾವಣಗೆರೆಯಿಂದ ಉಡುಪಿಗೆ ಹೊರಟಿದ್ದೇವೆ. ನಾನು, ಯಜಮಾನರು, ಏಳು ವರ್ಷದ ಮಗ, ನಮ್ಮ ಅತ್ತೆ. ತೀರ್ಥಹಳ್ಳಿಯಲ್ಲಿ ನೆಂಟರ ಮನೆಯಲ್ಲಿ ಊಟ ಮುಗಿಸಿ, ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿ, ಅದೇ ಸಂಜೆ ಘಾಟಿ ಇಳಿಯಬೇಕು ಅಂತ ಯೋಚನೆ.

ಅತ್ತೆಗೆ ಈಗ 71. ತವರು ಮನೆ ಉಡುಪಿ ಹತ್ತಿರ. ಮದುವೆಯಾಗಿ ಘಟ್ಟದ ಮೇಲೆ ಬಂದು ಐವತ್ತು ವರ್ಷವಾಯಿತು. ಅಷ್ಟೂ ವರ್ಷ ಇದೇ ಘಾಟಿ ಹತ್ತಿ ಇಳಿದಿದ್ದಾರೆ. ಆದರೆ ಬಸ್ಸಿನಲ್ಲಿ ತಲೆ ಸುತ್ತುತ್ತದೆ, ವಾಂತಿ ಬರುತ್ತದೆ ಅಂತ ಪ್ರತಿ ಸಲವೂ ಸೆರಗಿನಲ್ಲಿ ನಿಂಬೆಹಣ್ಣು ಹಿಡಿದು, ಮೂಸುತ್ತಾ, ಕಣ್ಣು ಮುಚ್ಚಿಕೊಂಡೇ ಕೂತಿದ್ದಾರೆ. "ಆಗುಂಬೆ ಅಂದರೆ ನನಗೆ ನಿಂಬೆಹಣ್ಣಿನ ವಾಸನೆ ಅಷ್ಟೇ" ಅಂದರು ಮೊನ್ನೆ. ಅದನ್ನು ಕೇಳಿದಾಗಿನಿಂದ ಒಂದು ಸಲವಾದರೂ ನಿಲ್ಲಿಸಿ ತೋರಿಸಲೇಬೇಕು ಅಂತ ನನಗೆ ಹಠ.

ನಾಲ್ಕು ವರ್ಷದ ಹಿಂದೆ ನಾವಿಬ್ಬರೇ ಹೋಗಿದ್ದೆವು. ಆರು ಗಂಟೆಗೆ ಮುಟ್ಟಿದೆವು. ರಸ್ತೆ ತುಂಬಾ ಕಾರು. ನಿಲ್ಲಿಸಲು ಜಾಗವಿಲ್ಲದೆ ಎರಡು ತಿರುವು ಕೆಳಗೆ ಹೋಗಿ, ಅಲ್ಲಿಂದ ಓಡಿಕೊಂಡು ಹತ್ತುವಷ್ಟರಲ್ಲಿ ಸೂರ್ಯ ಮುಳುಗಿಯೇ ಹೋಗಿದ್ದ. ಈ ಸಲ ಹಾಗಾಗಬಾರದು. ಅತ್ತೆಗೆ ಮಂಡಿನೋವು, ಜಾಸ್ತಿ ನಡೆಯಲು ಆಗುವುದಿಲ್ಲ.

ಎಷ್ಟು ಹೊತ್ತಿಗೆ ಇರಬೇಕು? ಗಾಡಿ ಎಲ್ಲಿ ಬಿಡಬೇಕು? ಕತ್ತಲಾದ ಮೇಲೆ ಘಾಟಿ ಇಳಿಯಬಹುದಾ? ಗೊತ್ತಿರುವವರು ಹೇಳಿ.

ಹೆಬ್ರಿ ಗಾಡಿ · ಡಿಸೆಂಬರ್ 5, ರಾತ್ರಿ 10:03

ಅಕ್ಕಾ, ನಾನು ಹೆಬ್ರಿಯವನು. ಬಾಡಿಗೆ ಗಾಡಿ ಓಡಿಸುತ್ತೇನೆ. ವಾರದಲ್ಲಿ ನಾಲ್ಕೈದು ದಿನ ಈ ಘಾಟಿ ಹತ್ತಿ ಇಳಿಯುತ್ತೇನೆ.

ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ಕಳೆದು ಐದು ಹತ್ತು ನಿಮಿಷಕ್ಕೆ. ನೀವು ಐದಕ್ಕೆ ಅಲ್ಲಿರಿ. ಐದೂವರೆ ಆದರೆ ಆಗಲೇ ತಡ. ಆಗುಂಬೆ ಪೇಟೆಯಿಂದ ಸೂರ್ಯಾಸ್ತದ ಕಟ್ಟೆಗೆ ತುಂಬಾ ದೂರವಿಲ್ಲ. ಕಾಲು ಗಟ್ಟಿ ಇದ್ದವರು ಇಪ್ಪತ್ತು ನಿಮಿಷದಲ್ಲಿ ನಡೆಯಬಹುದು. ಶೌಚಾಲಯದ ಕೆಲಸ ಪೇಟೆಯಲ್ಲೇ ಮುಗಿಸಿಕೊಳ್ಳಿ.

ಗಾಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಕಟ್ಟೆ ಇರುವುದು ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲಿ, ಅದೂ ತಿರುವಿನಲ್ಲಿ. 169ಎ, ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವ ರಸ್ತೆ. ಒಟ್ಟು 14 ತಿರುವು. ಘಾಟಿ ಎಷ್ಟು ಇಕ್ಕಟ್ಟು ಅಂದರೆ ಇಲ್ಲಿ ಓಡಾಡುವುದೇ ಮಿನಿ ಬಸ್ಸುಗಳು. ಅಂಥ ಕಡೆ ಒಂದು ಕಾರು ತಿರುವಿನ ಒಳಮೈಗೆ ನಿಂತರೂ ಸಾಕು, ಮೇಲಿನಿಂದ ಬರುವ ಬಸ್ಸು ಒಂದೇ ಸಲಕ್ಕೆ ತಿರುಗುವುದಿಲ್ಲ. ಹಿಂದೆ ತೆಗೆಯಬೇಕು, ಮುಂದೆ ಬರಬೇಕು, ಮತ್ತೆ ಹಿಂದೆ. ಅಷ್ಟರಲ್ಲಿ ಎರಡೂ ಕಡೆ ಸಾಲು.

ನೀವು ಹೀಗೆ ಮಾಡಿ. ಯಜಮಾನರು ನಿಮ್ಮನ್ನೆಲ್ಲ ಕಟ್ಟೆ ಹತ್ತಿರ ಇಳಿಸಲಿ. ಗಾಡಿ ವಾಪಸ್ ಪೇಟೆಗೆ ಒಯ್ದು ಬಿಟ್ಟು ನಡೆದುಕೊಂಡು ಬರಲಿ. ಐದಕ್ಕೆ ಬಂದರೆ ಇದಕ್ಕೆಲ್ಲ ಸಮಯ ಇರುತ್ತದೆ.

ಇಳಿಯುವ ಬಗ್ಗೆ ನಾಳೆ ಬರೆಯುತ್ತೇನೆ. ಬೆಳಿಗ್ಗೆ ಬೇಗ ಬಾಡಿಗೆ ಇದೆ.

ಬೈಕ್ ಶಿವು · ಡಿಸೆಂಬರ್ 5, ರಾತ್ರಿ 11:40

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ? ಎಲ್ಲರೂ ರಸ್ತೆ ಬದಿಯಲ್ಲೇ ನಿಲ್ಲಿಸುತ್ತಾರೆ. ಹತ್ತು ನಿಮಿಷದ ಮಾತು. ನೋಡಿ ಹೊರಟರಾಯಿತು.

ನನ್ನ ಕೇಳಿದರೆ ಡಿಸೆಂಬರ್ ಆಗುಂಬೆಯೇ ಅಲ್ಲ. ಜುಲೈನಲ್ಲಿ ಹೋಗಿ. ಸೂರ್ಯ ಕಾಣುವುದಿಲ್ಲ, ನಿಜ. ಆದರೆ ಮೋಡ ನಮ್ಮ ಕಾಲ ಕೆಳಗಿನಿಂದ ಹತ್ತಿ ಬರುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ಅದು. ಮಳೆಯಲ್ಲಿ ನೋಡದಿದ್ದರೆ ಏನು ನೋಡಿದ ಹಾಗಾಯಿತು?

ಅಡಿಕೆಮನೆ · ಡಿಸೆಂಬರ್ 6, ಬೆಳಿಗ್ಗೆ 7:25

ಶಿವು ಅವರೇ, ಹತ್ತು ನಿಮಿಷದ ಮಾತು ಅಂದಿರಲ್ಲ, ಅದರ ಬಗ್ಗೆ ನಾನು ಒಂದು ವಿಷಯ ಹೇಳಬೇಕು.

ನಮ್ಮದು ತೀರ್ಥಹಳ್ಳಿ ತಾಲೂಕು. ನಮ್ಮ ಕಡೆ ಯಾರಿಗಾದರೂ ಜೋರಾಗಿ ಕಾಯಿಲೆಯಾದರೆ ಒಂದೋ ಶಿವಮೊಗ್ಗ, ಇಲ್ಲವೇ ಘಾಟಿ ಇಳಿದು ಮಣಿಪಾಲ. ಎರಡು ವರ್ಷದ ಹಿಂದೆ, ಜನವರಿಯ ಒಂದು ಭಾನುವಾರ, ನಮ್ಮ ಅಪ್ಪನಿಗೆ ಎದೆನೋವು ಬಂತು. ತಾಲೂಕಿನಲ್ಲಿ ನೋಡಿ, ಕೂಡಲೇ ಕೆಳಗೆ ಕರೆದೊಯ್ಯಿರಿ ಅಂದರು. ಆಂಬ್ಯುಲೆನ್ಸ್‌ನಲ್ಲಿ ನಾನು ಅಪ್ಪನ ತಲೆ ಹತ್ತಿರ ಕೂತಿದ್ದೆ. ಆಗುಂಬೆ ದಾಟಿದಾಗ ಆರು ಗಂಟೆ ಐದು ನಿಮಿಷ.

ಸೂರ್ಯಾಸ್ತದ ಕಟ್ಟೆ ಹತ್ತಿರ ಗಾಡಿ ನಿಂತಿತು. ಸೈರನ್ ಕೂಗುತ್ತಲೇ ಇತ್ತು. ಮುಂದೆ ಕಾರುಗಳು, ಒಳಗೆ ಯಾರೂ ಇಲ್ಲ. ಎಲ್ಲರೂ ಕಟ್ಟೆ ಮೇಲೆ. ಡ್ರೈವರ್ ಇಳಿದು ಹೋಗಿ ಕೂಗಿದರು. ಜನ ಕೆಟ್ಟವರಲ್ಲ. ಗೊತ್ತಾದ ಕೂಡಲೇ ಓಡಿ ಬಂದರು. ಆದರೆ ಒಂದು ಕಾರಿನವರು ಸಿಗಲೇ ಇಲ್ಲ. ಅವರು ಇನ್ನೂ ಕೆಳಗೆ ನಡೆದು ಹೋಗಿದ್ದರಂತೆ. ಕೊನೆಗೆ ಏಳೆಂಟು ಜನ ಸೇರಿ ಆ ಕಾರಿನ ಹಿಂಭಾಗ ಎತ್ತಿ ಎತ್ತಿ ಪಕ್ಕಕ್ಕೆ ಸರಿಸಿದರು. ನನ್ನ ಗಡಿಯಾರದಲ್ಲಿ ಹದಿನೆಂಟು ನಿಮಿಷ ಹೋಯಿತು.

ಅಪ್ಪ ಉಳಿದರು. ಈಗ ತೋಟಕ್ಕೆ ಹೋಗಿ ಬರುತ್ತಾರೆ. ಆ ಹದಿನೆಂಟು ನಿಮಿಷ ಅವರ ಕೈ ತಣ್ಣಗಾಗುತ್ತಾ ಇದ್ದದ್ದು ನನಗೆ ಇನ್ನೂ ನೆನಪಿದೆ. ಕಿಟಕಿಯಿಂದ ಆಕಾಶ ಕೆಂಪಗೆ ಕಾಣುತ್ತಿತ್ತು. ಅವತ್ತಿನಿಂದ ಅಲ್ಲಿ ನಿಂತು ಸೂರ್ಯನನ್ನು ನೋಡಲು ನನಗೆ ಮನಸ್ಸಾಗಿಲ್ಲ.

ಅಕ್ಕಾ, ನೀವು ಬನ್ನಿ, ನೋಡಿ. ಗಾಡಿ ಮಾತ್ರ ಪೇಟೆಯಲ್ಲೇ ಬಿಡಿ. ನಮಗೆ ಅದು ನೋಡುವ ಜಾಗವಲ್ಲ, ಆಸ್ಪತ್ರೆಗೆ ಹೋಗುವ ದಾರಿ.

ಬೈಕ್ ಶಿವು · ಡಿಸೆಂಬರ್ 6, ಬೆಳಿಗ್ಗೆ 8:50

ಅಣ್ಣಾ, ಓದಿ ಬೇಜಾರಾಯಿತು. ನಾನು ಆ ರೀತಿ ಯೋಚಿಸಿರಲಿಲ್ಲ. ಬೈಕ್ ಆದರೂ ತಿರುವಿನಲ್ಲಿ ನಿಲ್ಲಿಸುತ್ತಿದ್ದೆ. ಇನ್ನು ಇಲ್ಲ. ಅಪ್ಪ ಚೆನ್ನಾಗಿರಲಿ.

ಕಾಡುಪಾಪ · ಡಿಸೆಂಬರ್ 6, ಬೆಳಿಗ್ಗೆ 10:15

ಇದಕ್ಕೇ ನಾನು ಹೇಳುವುದು, ಶನಿವಾರ ಭಾನುವಾರ ಸಂಜೆ ನಾಲ್ಕರಿಂದ ಏಳರವರೆಗೆ ಕಟ್ಟೆ ಹತ್ತಿರ ಯಾವ ಖಾಸಗಿ ಗಾಡಿಯೂ ನಿಲ್ಲಬಾರದು. ಪೇಟೆಯಿಂದ ಒಂದು ಸಣ್ಣ ವ್ಯಾನು ಜನರನ್ನು ಕರೆತಂದು ಬಿಡಲಿ. ಜಗಳವೇ ಇರುವುದಿಲ್ಲ.

ನಾವು ಮರೆಯುವ ಇನ್ನೊಂದು ಮಾತಿದೆ. ಈ ಘಾಟಿ ಹಾದು ಹೋಗುವುದು ಸೋಮೇಶ್ವರ ವನ್ಯಜೀವಿಧಾಮದ ಒಳಗೆ. 1974ರಲ್ಲಿ ಘೋಷಿಸಿದ್ದು. ಆಮೇಲೆ ವಿಸ್ತರಿಸಿ ಈಗ 314 ಚದರ ಕಿಲೋಮೀಟರ್ ಇದೆ. ಕೆಳಗೆ ಸೋಮೇಶ್ವರ ದೇವಸ್ಥಾನ ಇದೆಯಲ್ಲ, ಅದರಿಂದಲೇ ಈ ಹೆಸರು. ಸಿಂಗಳೀಕ ಇರುವ ಕಾಡು ಇದು. ಇಡೀ ಭೂಮಿ ಮೇಲೆ ಪಶ್ಚಿಮಘಟ್ಟ ಬಿಟ್ಟರೆ ಸಿಂಗಳೀಕ ಬೇರೆಲ್ಲೂ ಇಲ್ಲ. ಕಾಳಿಂಗ ಸರ್ಪಕ್ಕೂ ಆಗುಂಬೆ ಹೆಸರಾದ ಊರು. ಅದರ ಅಧ್ಯಯನಕ್ಕಂತಲೇ ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಸಂಶೋಧನಾ ಕೇಂದ್ರ ಶುರುಮಾಡಿದರು.

ಕಟ್ಟೆ ಹತ್ತಿರ ನಿಮಗೆ ಕಾಣುವುದು ಮಾತ್ರ ಸಾಮಾನ್ಯ ಮಂಗ. ಮಗ ಬರುತ್ತಿದ್ದಾನೆ ಅಂದಿರಿ, ಅದಕ್ಕೇ ಹೇಳುತ್ತೇನೆ. ದಯವಿಟ್ಟು ಏನೂ ಕೊಡಬೇಡಿ. ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿದು ಇಳಿಯಲೇಬೇಡಿ. ಹೋದ ವರ್ಷ ಅಲ್ಲಿ ಒಂದು ಮರಿಯನ್ನು ನೋಡಿದೆ. ಚಿಪ್ಸ್ ಪೊಟ್ಟಣದೊಳಗೆ ಮೊಣಕೈವರೆಗೆ ಕೈ ತೂರಿಸಿ, ತೆಗೆದು, ಬೆರಳು ಒಂದೊಂದಾಗಿ ನೆಕ್ಕುತ್ತಿತ್ತು. ಒಳಗೆ ಏನೂ ಉಳಿದಿರಲಿಲ್ಲ. ಬರೀ ಉಪ್ಪು ಖಾರ. ಮತ್ತೆ ಕೈ ತೂರಿಸಿತು, ಮತ್ತೆ ನೆಕ್ಕಿತು. ಅದರ ತಾಯಿ ರಸ್ತೆ ಮಧ್ಯ ಕೂತು ಮುಂದಿನ ಕಾರಿಗೆ ಕಾಯುತ್ತಿತ್ತು.

ಕಾಡಿನಲ್ಲಿದ್ದಾಗ ಇದೇ ಮಂಗ ಹಣ್ಣು ತಿಂದು ಬೀಜ ಹರಡುತ್ತದೆ. ರಸ್ತೆಗೆ ಬಂದು ಕೂತರೆ ಆ ಕೆಲಸ ನಿಂತಿತು. ಗಾಡಿಗೆ ಸಿಕ್ಕಿ ಸಾಯುವುದು ಬೇರೆ. ತಮಿಳುನಾಡಿನ ವಾಲ್ಪಾರೈ ಕಡೆ ಸಿಂಗಳೀಕಗಳೂ ಹೀಗೇ ರಸ್ತೆಗೆ ಇಳಿದು ಅಭ್ಯಾಸವಾಗಿಬಿಟ್ಟಿವೆ. ಮರದಿಂದ ಮರಕ್ಕೆ ದಾಟಲಿ ಅಂತ ರಸ್ತೆ ಮೇಲೆ ಸೇತುವೆ ಕಟ್ಟಿ ಕಾಪಾಡಬೇಕಾಗಿದೆ. ನಮ್ಮಲ್ಲಿ ಆ ಗತಿ ಬರಬಾರದು ಅಲ್ವಾ?

ಮಲ್ಲಿಗೆಮೊಗ್ಗು · ಡಿಸೆಂಬರ್ 6, ಮಧ್ಯಾಹ್ನ 1:30

ಅಡಿಕೆಮನೆ ಅಣ್ಣಾ, ನಿಮ್ಮದನ್ನು ಓದಿ ಯಜಮಾನರಿಗೂ ಓದಿಸಿದೆ. ಹೋದ ಸಲ ನಾವೂ ಎರಡು ತಿರುವು ಕೆಳಗೆ ರಸ್ತೆ ಬದಿಯಲ್ಲೇ ಬಿಟ್ಟು ಓಡಿದ್ದು. ಅವತ್ತು ಅದೇ ದಾರಿಯಲ್ಲಿ ಯಾರಾದರೂ ಬಂದಿದ್ದರೆ ಅಂತ ನೆನೆಸಿಕೊಂಡರೆ ಹೊಟ್ಟೆಯೊಳಗೆ ಹೇಗೋ ಆಗುತ್ತದೆ. ಈ ಸಲ ಪೇಟೆಯಲ್ಲೇ ಬಿಡುತ್ತೇವೆ.

ಕಾಡುಪಾಪ ಅವರೇ, ಮಗನಿಗೆ ಆ ಮರಿಯ ವಿಷಯ ಹೇಳಿದೆ. ತಿಂಡಿ ಡಬ್ಬಿ ತೀರ್ಥಹಳ್ಳಿಯಲ್ಲೇ ಖಾಲಿ ಮಾಡುತ್ತೇನೆ ಅಂದಿದ್ದಾನೆ. ಇನ್ನೊಂದು ಕೇಳಬೇಕಿತ್ತು. ಮಂಗನ ಕಾಯಿಲೆ ಅಂತ ಸುದ್ದಿಯಲ್ಲಿ ಬರುತ್ತದಲ್ಲ, ಈ ಕಾಲದಲ್ಲಿ ಮಗುವನ್ನು ಕರೆತರಬಹುದಾ?

ಕಾಡುಪಾಪ · ಡಿಸೆಂಬರ್ 6, ಮಧ್ಯಾಹ್ನ 2:48

ಒಳ್ಳೆಯ ಪ್ರಶ್ನೆ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಹೆಸರು ಮಂಗನದ್ದು, ಆದರೆ ಮನುಷ್ಯರಿಗೆ ತರುವುದು ಉಣ್ಣಿ, ನಮ್ಮ ಕಡೆ ಉಣುಗು ಅನ್ನುತ್ತಾರೆ. ಅದು ಕಾಡಿನೊಳಗೆ ಒಣಗಿದ ತರಗೆಲೆಯಲ್ಲಿ ಇರುತ್ತದೆ. ದನ ಮೇಯಿಸಲು, ಸೌದೆಗೆ, ದರಗಿಗೆ ಅಂತ ಕಾಡಿಗೆ ಹೋಗುವವರಿಗೇ ಇದರ ಕಾಟ ಜಾಸ್ತಿ.

ಡಾಂಬರು ರಸ್ತೆ, ಕಲ್ಲಿನ ಕಟ್ಟೆ ಮೇಲೆ ಇದ್ದರೆ ಹೆದರಬೇಕಾಗಿಲ್ಲ. ಫೋಟೋಗೆ ಅಂತ ಪಕ್ಕದ ಪೊದೆಗೆ ಇಳಿಯಬೇಡಿ. ತರಗೆಲೆ ಮೇಲೆ ಕೂರಬೇಡಿ. ಮಗನಿಗೆ ಉದ್ದ ಪ್ಯಾಂಟು, ಸಾಕ್ಸ್ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೋ ಆರೋಗ್ಯ ಇಲಾಖೆಗೋ ತಿಳಿಸಿ. ಹೋಗಿ ಬಂದು ಒಂದು ವಾರದೊಳಗೆ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಮಲೆನಾಡಿನ ಕಾಡಿನ ಕಡೆ ಹೋಗಿದ್ದೆವು ಅಂತ ಮರೆಯದೆ ಹೇಳಿ.

ಇಂಬಳದ ಭಯ ಮಳೆಗಾಲಕ್ಕೆ ಮಾತ್ರ. ಈಗ ಇರುವುದಿಲ್ಲ.

ನಿವೃತ್ತ ಮೇಷ್ಟ್ರು · ಡಿಸೆಂಬರ್ 6, ಸಂಜೆ 5:20

ಮಕ್ಕಳಿಗೆ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು ನಾನು. ಇಲ್ಲಿ ಎಲ್ಲರೂ ಗಾಡಿ, ಮಂಗ ಅಂತ ಮುಖ್ಯವಾದದ್ದನ್ನೇ ಹೇಳಿದ್ದೀರಿ. ನಾನು ಸೂರ್ಯನ ಬಗ್ಗೆ ಸ್ವಲ್ಪ ಹೇಳಲೇ? ಹುಡುಗನಿಗೆ ಉಪಯೋಗವಾದೀತು.

ಆಗುಂಬೆ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ನಿಂತರೆ, ಮಧ್ಯೆ ಏನೂ ಅಡ್ಡ ಬರದಿದ್ದರೆ, ಕಣ್ಣು ಸುಮಾರು 85 ಕಿಲೋಮೀಟರ್ ದೂರದವರೆಗೆ ಹೋಗುತ್ತದೆ. ಕರಾವಳಿ ಅದಕ್ಕಿಂತ ತುಂಬಾ ಹತ್ತಿರ. ಹಾಗಾಗಿ ಘಟ್ಟದ ಮೇಲೆ ನಿಂತೇ ಅರಬ್ಬಿ ಸಮುದ್ರ ಕಾಣುತ್ತದೆ. ಬರೀ ಹೊಳೆಯುವ ಒಂದು ಪಟ್ಟಿ. ಬಹಳ ಜನ ಅದನ್ನು ಮೋಡ ಅಂದುಕೊಂಡು ಬಿಟ್ಟುಬಿಡುತ್ತಾರೆ. ಹುಡುಗನಿಗೆ ಮೊದಲು ಆ ಪಟ್ಟಿಯನ್ನು ಹುಡುಕಲು ಹೇಳಿ.

ಡಿಸೆಂಬರ್‌ನಲ್ಲಿ ಸೂರ್ಯ ನೇರ ಪಶ್ಚಿಮಕ್ಕೆ ಮುಳುಗುವುದಿಲ್ಲ, ಎಡಕ್ಕೆ, ಅಂದರೆ ನೈಋತ್ಯದ ಕಡೆಗೆ ಸರಿದಿರುತ್ತಾನೆ. ಕಟ್ಟೆಯಲ್ಲಿ ಜಾಗ ಹಿಡಿಯುವಾಗ ಇದು ನೆನಪಿರಲಿ.

ಕೆಳಗೆ ಇಳಿದಂತೆ ಅವನ ಆಕಾರ ಬದಲಾಗುತ್ತದೆ. ಮೊದಲು ದುಂಡಗೆ, ಆಮೇಲೆ ಸಿಹಿಕುಂಬಳದ ಹಾಗೆ ಚಪ್ಪಟೆ. ಕೆಲವು ದಿನ ಮಡಕೆಯ ಹಾಗೆ ಕುತ್ತಿಗೆ ಬರುತ್ತದೆ. ಇದು ಗಾಳಿಯ ಕೆಲಸ. ಬೆಳಕು ಗಾಳಿಯಲ್ಲಿ ಹಾದು ಬರುವಾಗ ಬಾಗುತ್ತದೆ. ನೆಲದಂಚಿಗೆ ಬಂದಷ್ಟೂ ಜಾಸ್ತಿ ಬಾಗುತ್ತದೆ. ಸೂರ್ಯನ ಕೆಳಗಿನ ಅಂಚಿನಿಂದ ಬರುವ ಬೆಳಕು ಮೇಲಿನ ಅಂಚಿನದ್ದಕ್ಕಿಂತ ಹೆಚ್ಚು ಬಾಗಿ, ಕೆಳಗಿನ ಅಂಚು ಮೇಲೆದ್ದ ಹಾಗೆ ಕಾಣುತ್ತದೆ. ಅದಕ್ಕೇ ಚಪ್ಪಟೆ.

ಇನ್ನೂ ಒಂದಿದೆ. ಈ ಬಾಗುವಿಕೆ ಎಷ್ಟು ಅಂದರೆ, ಸೂರ್ಯನ ಅಗಲಕ್ಕಿಂತ ಒಂದು ಗುಲಗಂಜಿ ಜಾಸ್ತಿ. ಹಾಗಾಗಿ ಸೂರ್ಯ ಸಮುದ್ರಕ್ಕೆ ಮುಟ್ಟಿದ ಅಂತ ನಾವು ನೋಡುವ ಹೊತ್ತಿಗೆ ನಿಜವಾದ ಸೂರ್ಯ ಆಗಲೇ ಪೂರ್ತಿ ಕೆಳಗೆ ಇಳಿದಿರುತ್ತಾನೆ. ಗಾಳಿ ಇಲ್ಲದ ಭೂಮಿಯಾಗಿದ್ದರೆ ಆ ಕೊನೆಯ ಎರಡು ನಿಮಿಷ ನಮಗೆ ಸಿಗುತ್ತಲೇ ಇರಲಿಲ್ಲ. ಈ ಪಾಠ ಮಾಡುವಾಗ ಪ್ರತಿ ವರ್ಷ ತರಗತಿ ಒಂದು ಕ್ಷಣ ಸುಮ್ಮನಾಗುತ್ತಿತ್ತು.

ಬೈನಾಕ್ಯುಲರ್‌ನಲ್ಲಿ ಸೂರ್ಯನನ್ನು ನೋಡಲು ಹುಡುಗನಿಗೆ ಬಿಡಬೇಡಿ. ಕೆಂಪಗಿದ್ದರೂ ಬೇಡ. ಕಣ್ಣಿಗೆ ಅಪಾಯ.

ಬೈಕ್ ಶಿವು · ಡಿಸೆಂಬರ್ 6, ಸಂಜೆ 6:02

ಮೇಷ್ಟ್ರೇ, ಹತ್ತು ಸಲ ಹೋಗಿದ್ದೇನೆ. ಆ ಪಟ್ಟಿ ಸಮುದ್ರ ಅಂತ ಇವತ್ತು ಗೊತ್ತಾಯಿತು.

ಹೆಬ್ರಿ ಗಾಡಿ · ಡಿಸೆಂಬರ್ 6, ರಾತ್ರಿ 9:30

ನಿನ್ನೆ ಹೇಳಿದ ಹಾಗೆ, ಇಳಿಯುವ ವಿಷಯ.

ಕತ್ತಲಲ್ಲಿ ಇಳಿಯಬಹುದು. ರಸ್ತೆ ಗೊತ್ತಿಲ್ಲದವರೂ ನಿಧಾನಕ್ಕೆ ಇಳಿಯುತ್ತಾರೆ. ತೊಂದರೆ ಇರುವುದು ಸೂರ್ಯ ಮುಳುಗಿದ ಮರುಕ್ಷಣ. ನೂರು ಜನ ಒಟ್ಟಿಗೆ ಎದ್ದು ಗಾಡಿ ಹತ್ತುತ್ತಾರೆ. ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ. ತಿರುಗಿಸುವವರು, ಹಿಂದೆ ತೆಗೆಯುವವರು, ಹಾರ್ನ್ ಹೊಡೆಯುವವರು. ಆ ಗಡಿಬಿಡಿಯಲ್ಲೇ ಗಾಡಿಗೆ ಗಾಡಿ ತಾಗುವುದು. ನೀವು ಅರ್ಧ ಗಂಟೆ ಕೂತೇ ಇರಿ. ಎಲ್ಲರೂ ಹೋದಮೇಲೆ ಹೊರಡಿ. ಕಟ್ಟೆಯೂ ನಿಮ್ಮದೇ, ರಸ್ತೆಯೂ ನಿಮ್ಮದೇ.

ಇಳಿಯುವಾಗ ಎರಡನೇ ಗೇರ್‌ನಲ್ಲೇ ಇರಲಿ. ಗಾಡಿಯನ್ನು ಇಂಜಿನ್ ಹಿಡಿದುಕೊಳ್ಳಬೇಕು, ಬ್ರೇಕ್ ಅಲ್ಲ. ಬಯಲುಸೀಮೆ ಕಡೆಯಿಂದ ಬಂದವರು ಮಾಡುವ ತಪ್ಪು ಇದೇ. ಟಾಪ್ ಗೇರ್‌ನಲ್ಲಿ ಬಿಟ್ಟು ಕಾಲು ಬ್ರೇಕ್ ಮೇಲೇ ಇಟ್ಟಿರುತ್ತಾರೆ. ಐದಾರು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಆಮೇಲೆ ಪೆಡಲ್ ಒತ್ತಿದರೆ ಮೆತ್ತಗೆ, ಹತ್ತಿ ತುಳಿದ ಹಾಗೆ. ಹಾಗಾದರೆ ಹೆದರದೆ, ಗೇರ್ ಇಳಿಸಿ, ಅಗಲ ಇರುವ ಕಡೆ ಬದಿಗೆ ಹಾಕಿ ಹತ್ತು ಹದಿನೈದು ನಿಮಿಷ ತಣಿಯಲು ಬಿಡಿ. ಬಿಸಿ ಚಕ್ರಕ್ಕೆ ನೀರು ಹೊಯ್ಯಬೇಡಿ.

ತಿರುವಿಗೆ ಮೊದಲು ಒಂದು ಹಾರ್ನ್, ಲೈಟ್ ಡಿಮ್. ಹತ್ತಿ ಬರುವ ಗಾಡಿಗೆ ದಾರಿ ಬಿಡಿ. ಅದು ನಿಂತರೆ ಮತ್ತೆ ಎಳೆಯುವುದು ಕಷ್ಟ. ತಲೆಸುತ್ತು ಬರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಹಿಂದೆ ಕೂತರೆ ಘಾಟಿಯಲ್ಲಿ ಯಾರಿಗಾದರೂ ವಾಂತಿ ಬರುತ್ತದೆ. ಅತ್ತೆಯವರು ದೂರಕ್ಕೆ ರಸ್ತೆ ನೋಡುತ್ತಾ ಕೂರಲಿ. ಕಣ್ಣು ಮುಚ್ಚಿದರೆ ತಲೆಸುತ್ತು ಹೆಚ್ಚಾಗುವುದನ್ನೇ ನಾನು ಕಂಡಿದ್ದೇನೆ.

ಶಿವು ಅವರೇ, ಮಳೆಗಾಲ ಚೆಂದ ಅಂದಿರಿ. ಚೆಂದವೇ, ನಮ್ಮೂರು ಅದು. ಆದರೆ ತಿರುವಿನಲ್ಲಿ ನೀರು ಧುಮುಕುತ್ತದೆ ಅಂತ ಗುಡ್ಡ ಕಡಿದ ಗೋಡೆಯ ಬುಡದಲ್ಲಿ ನಿಂತು ಫೋಟೋ ತೆಗೆಯಬೇಡಿ. ನೀರಿನ ಬಣ್ಣ ಕೆಂಪಾದರೆ, ಸಣ್ಣ ಕಲ್ಲು ಉರುಳಿದರೆ ಮೇಲೆ ಮಣ್ಣು ಸಡಿಲವಾಗಿದೆ ಅಂತ ಅರ್ಥ. ಗುಡ್ಡ ಕುಸಿದು ಈ ರಸ್ತೆ ಬಂದ್ ಆದದ್ದು ಒಂದೆರಡು ಸಲವಲ್ಲ. ಆಗೆಲ್ಲ ನಾವು ಹುಲಿಕಲ್ ಘಾಟಿ ಸುತ್ತಿ ಹೋಗಬೇಕು.

ಪೇಟೆ ಕ್ಯಾಂಟೀನ್ · ಡಿಸೆಂಬರ್ 7, ಬೆಳಿಗ್ಗೆ 6:10

ಕಾಡುಪಾಪ ಅವರು ವಾರಾಂತ್ಯ ಗಾಡಿ ಬಿಡಬಾರದು ಅಂದರು. ನಾನು ಆಗುಂಬೆಯಲ್ಲೇ ಇರುವವನು. ಸಣ್ಣ ಚಾ ಅಂಗಡಿ. ಒಂದು ಮಾತು ಹೇಳಲೇ?

ಗಾಡಿ ಪೇಟೆಯಲ್ಲಿ ನಿಲ್ಲಲಿ ಅಂತ ನನಗೂ ಆಸೆ. ನಿಂತವರು ಒಂದು ಚಾ ಕುಡಿಯುತ್ತಾರೆ. ಆದರೆ ವ್ಯಾನು ಇಲ್ಲದೆ ಬರೀ ಬಂದ್ ಮಾಡಿದರೆ ಈ ಅಕ್ಕನ ಅತ್ತೆಯಂಥವರು ಏನು ಮಾಡಬೇಕು? ನಡೆಯಲು ಆಗುವವರಿಗೆ ಮಾತ್ರ ಸೂರ್ಯನಾ? ಮೊದಲು ವ್ಯವಸ್ಥೆ ಆಗಲಿ, ಆಮೇಲೆ ನಿಷೇಧ.

ಕಾಡುಪಾಪ · ಡಿಸೆಂಬರ್ 7, ಬೆಳಿಗ್ಗೆ 9:05

ಒಪ್ಪಿದೆ. ವ್ಯಾನು ಅಂತ ನಾನು ಹೇಳಿದ್ದೂ ಅದಕ್ಕೇ. ಆದರೆ ವ್ಯವಸ್ಥೆ ಆಗಲಿ ಅಂತ ಕಾಯುತ್ತಾ ಕೂತರೆ ಇನ್ನೊಂದು ಆಂಬ್ಯುಲೆನ್ಸ್ ನಿಲ್ಲುತ್ತದೆ. ಅಲ್ಲಿಯವರೆಗೆ ಇಳಿಸಿ ವಾಪಸ್ ಹೋಗುವುದನ್ನಾದರೂ ಕಡ್ಡಾಯ ಮಾಡಬೇಕು. ಚೆಕ್‌ಪೋಸ್ಟ್‌ನಲ್ಲಿ ಒಬ್ಬರು ನಿಂತು ಬಾಯಲ್ಲಿ ಹೇಳಿದರೂ ಸಾಕು, ಅರ್ಧ ಜನ ಕೇಳುತ್ತಾರೆ.

ಅಡಿಕೆಮನೆ · ಡಿಸೆಂಬರ್ 7, ಬೆಳಿಗ್ಗೆ 9:40

ಅರ್ಧ ಅಲ್ಲ, ಮುಕ್ಕಾಲು ಜನ ಕೇಳುತ್ತಾರೆ. ಅವತ್ತು ಕಾರು ಎತ್ತಿದವರಲ್ಲಿ ಒಬ್ಬರು ಆಸ್ಪತ್ರೆವರೆಗೂ ಹಿಂದೆ ಬಂದು, ರಾತ್ರಿ ಹನ್ನೊಂದಕ್ಕೆ ನನಗೆ ಊಟ ತಂದುಕೊಟ್ಟು ಹೋದರು. ಜನಕ್ಕೆ ಗೊತ್ತಿಲ್ಲ ಅಷ್ಟೇ.

ನಿವೃತ್ತ ಮೇಷ್ಟ್ರು · ಡಿಸೆಂಬರ್ 7, ಸಂಜೆ 4:00

ಒಂದು ಮಾತು ಬಿಟ್ಟಿದ್ದೆ. ನವೆಂಬರ್‌ನಿಂದ ಜನವರಿವರೆಗೆ ಆಕಾಶ ತಿಳಿಯಾಗಿರುತ್ತದೆ ಅಂದರೂ ಪ್ರತಿ ದಿನ ಸೂರ್ಯ ಸಮುದ್ರಕ್ಕೆ ಮುಟ್ಟುವುದು ಕಾಣುವುದಿಲ್ಲ. ಕರಾವಳಿಯ ಮೇಲೆ ಬೂದಿ ಬಣ್ಣದ ಮಬ್ಬು ನಿಂತಿರುತ್ತದೆ. ಸೂರ್ಯ ಅದರೊಳಗೇ ಕರಗಿ ಹೋಗುತ್ತಾನೆ. ಅತ್ತೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ನಿರಾಸೆಯಾಗುತ್ತದೆ. ಹಾಗಾದ ದಿನ ಕೂಡಲೇ ಏಳಬೇಡಿ. ಬಣ್ಣ ಬರುವುದು ಅವನು ಹೋಗಿ ಹತ್ತು ಹದಿನೈದು ನಿಮಿಷದ ಮೇಲೆ.

ಮಲ್ಲಿಗೆಮೊಗ್ಗು · ಡಿಸೆಂಬರ್ 21, ರಾತ್ರಿ 10:45

ಹೋಗಿ ಬಂದೆವು. ಈಗ ಉಡುಪಿಯಲ್ಲಿದ್ದೇವೆ. ಎಲ್ಲರಿಗೂ ಹೇಳದೆ ಮಲಗಲು ಮನಸ್ಸಾಗಲಿಲ್ಲ.

ನಾಲ್ಕೂ ಮುಕ್ಕಾಲಿಗೆ ಮುಟ್ಟಿದೆವು. ಯಜಮಾನರು ನಮ್ಮನ್ನು ಇಳಿಸಿ ಪೇಟೆಗೆ ಹೋಗಿ ಗಾಡಿ ಬಿಟ್ಟು ನಡೆದು ಬಂದರು. ಕಟ್ಟೆಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ಅತ್ತೆಗೆ ಅಂಚಿನಲ್ಲಿ ಒಳ್ಳೆಯ ಜಾಗ ಸಿಕ್ಕಿತು. ಮಡಿಚಿದ ಕಂಬಳಿ ಹಾಸಿ ಕೂರಿಸಿದೆ. ಅವರು ಮೊದಲು ಕೆಳಗೆ ನೋಡಿದರು. ಕಾಡು, ಅದರೊಳಗೆ ರಸ್ತೆ ಹಾವಿನ ಹಾಗೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇಷ್ಟು ಎತ್ತರಾ? ನನ್ನನ್ನು ಇಷ್ಟು ಎತ್ತರ ಹತ್ತಿಸಿಕೊಂಡು ಬಂದರಾ ಅವತ್ತು?" ಅಂದರು. ಮದುವೆಯಾದ ಮರುದಿನದ ಮಾತು ಅದು. ನಾನು ಅವರ ಕೈ ಹಿಡಿದುಕೊಂಡೆ.

ಐದೂವರೆ ಹೊತ್ತಿಗೆ ಜನ ಬರತೊಡಗಿದರು. ಇಬ್ಬರು ಮೂವರು ತಿರುವಿನಲ್ಲೇ ಕಾರು ನಿಲ್ಲಿಸಿದರು. ಯಜಮಾನರು ಎದ್ದು ಹೋಗಿ, ಇದು ಆಸ್ಪತ್ರೆಗೆ ಹೋಗುವ ದಾರಿ ಅಂತೆ, ಪೇಟೆಯಲ್ಲಿ ಜಾಗ ಇದೆ, ನಾನೂ ಅಲ್ಲೇ ಬಿಟ್ಟು ಬಂದೆ ಅಂದರು. ಇಬ್ಬರು ತಕ್ಷಣ ತೆಗೆದರು. ಒಬ್ಬರು ಮುಖ ಗಂಟು ಹಾಕಿಕೊಂಡರು, ಆದರೂ ಸ್ವಲ್ಪ ಹೊತ್ತಿಗೆ ತೆಗೆದರು. ಆಮೇಲೆ ಒಂದು ಮಿನಿ ಬಸ್ಸು ಬಂತು. ಹೆಬ್ರಿ ಅಣ್ಣ ಹೇಳಿದ್ದು ನೆನಪಾಗಿ ನಾನು ಅದನ್ನೇ ನೋಡುತ್ತಿದ್ದೆ. ಒಂದೇ ಸಲಕ್ಕೆ ತಿರುಗಿ ಹೋಯಿತು.

ಸೂರ್ಯ ಸಮುದ್ರಕ್ಕೆ ಮುಟ್ಟುವುದು ಕಾಣಲಿಲ್ಲ, ಮೇಷ್ಟ್ರೇ. ಕುಂಬಳಕಾಯಿಯ ಹಾಗೆ ಚಪ್ಪಟೆಯಾದ. ಮಗ ಕುಣಿದ. ಆಮೇಲೆ ನಾಲ್ಕು ಬೆರಳು ಮೇಲಿದ್ದಾಗಲೇ ಮಬ್ಬಿನೊಳಗೆ ಕರಗಿಬಿಟ್ಟ. "ಅಯ್ಯೋ" ಅಂತ ಎಲ್ಲರೂ ಎದ್ದರು. ಐದೇ ನಿಮಿಷದಲ್ಲಿ ಕಟ್ಟೆ ಖಾಲಿ. ನೀವು ಹೇಳಿದ ಹಾಗೆ ನಾವು ಕೂತೇ ಇದ್ದೆವು. ಚಳಿ ಶುರುವಾಯಿತು. ಕಾಡಿನಿಂದ ಜೀರುಂಡೆ ಸದ್ದು ಒಮ್ಮೆಗೇ ಜೋರಾಯಿತು. ಆಗ ಆಕಾಶ ಕೆಳಗಿನಿಂದ ಕೆಂಪೇರಿ, ಆ ಕೆಂಪು ಕೆಳಗೆ ಒಂದು ಗೆರೆಯ ಮೇಲೆ ಬಿತ್ತು. ದೂರದಲ್ಲಿ, ನೂಲು ಎಳೆದ ಹಾಗೆ. ಮಗ, "ಅಜ್ಜಿ, ಅದೇ ಸಮುದ್ರ, ಮೋಡ ಅಲ್ಲ" ಅಂದ.

ಅತ್ತೆ ಕನ್ನಡಕ ಒರೆಸಿಕೊಂಡು ನೋಡಿದರು. ಅವರ ತವರು ಮನೆಯಿಂದ ಸಮುದ್ರಕ್ಕೆ ಅರ್ಧ ಗಂಟೆ ದಾರಿ. "ನಮ್ಮನೆ ಅಲ್ಲೆಲ್ಲೋ ಇರಬೇಕು ಹಾಗಾದರೆ" ಅಂತ ಬೆರಳು ತೋರಿಸಿದರು. ಐವತ್ತು ವರ್ಷ ಘಟ್ಟದ ಮೇಲೆ ಇದ್ದವರು. ಇಲ್ಲಿ ನಿಂತರೆ ತವರು ಕಾಣುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಅಡಿಕೆಮನೆ · ಡಿಸೆಂಬರ್ 22, ಬೆಳಿಗ್ಗೆ 6:50

ಅಕ್ಕಾ, ಓದಿ ಕಣ್ಣು ತುಂಬಿತು. ಯಜಮಾನರಿಗೆ ನನ್ನ ನಮಸ್ಕಾರ ಹೇಳಿ. ಅಪ್ಪನಿಗೂ ಓದಿ ಹೇಳಿದೆ. ಒಂದು ದಿನ ನಮ್ಮನ್ನೂ ಕರೆದುಕೊಂಡು ಹೋಗು, ನಿಂತು ನೋಡೋಣ ಅಂದಿದ್ದಾರೆ. ಜನವರಿಯಲ್ಲಿ ಹೋಗುತ್ತೇನೆ, ವಾರದ ಮಧ್ಯೆ.

ಹೆಬ್ರಿ ಗಾಡಿ · ಡಿಸೆಂಬರ್ 22, ಬೆಳಿಗ್ಗೆ 7:15

ಸಂತೋಷ ಆಯಿತು ಅಕ್ಕಾ. ಇಳಿಯುವಾಗ ಅತ್ತೆಯವರಿಗೆ ವಾಂತಿ ಆಯಿತಾ?

ಮಲ್ಲಿಗೆಮೊಗ್ಗು · ಡಿಸೆಂಬರ್ 22, ಬೆಳಿಗ್ಗೆ 8:30

ಇಲ್ಲ ಅಣ್ಣಾ. ಮುಂದೆ ಕೂರಿಸಿದ್ದೆವು. ಒಂದು, ಎರಡು ಅಂತ ಹದಿನಾಲ್ಕೂ ತಿರುವು ಎಣಿಸಿದರು. ನಿಂಬೆಹಣ್ಣು ಸೆರಗಿನಲ್ಲೇ ಇತ್ತು. ಬೆಳಿಗ್ಗೆ ತಮ್ಮನ ಮನೆಯಲ್ಲಿ ಅದನ್ನೇ ಹಿಂಡಿ ಎಲ್ಲರಿಗೂ ಪಾನಕ ಮಾಡಿಕೊಟ್ಟರು.